ಹಕ್ಕಿಯ ಕಾಲುಂಗುರ

ನಮ್ಮೂರು ಕುಂದಾಪುರದ ಕೋಡಿ. ತಮಿಳುನಾಡಿನಲ್ಲಿ ಕೋಡಿಯಕ್ಕರೈ ಅಂತ ಒಂದು ಊರಿದೆ, ಅಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸೋದನ್ನ ನೋಡಬಹುದು ಅಂತ ಆಫೀಸಿನ ಗೆಳೆಯ ಹೇಳಿದಾಗ, ಹೆಸರು ಕೇಳಿಯೇ ಅರ್ಧ ಒಪ್ಪಿಬಿಟ್ಟಿದ್ದೆ. ಇನ್ನರ್ಧ ಒಪ್ಪಿದ್ದು, ರಿಲೀಸ್ ಮುಗಿಸಿ ತಲೆ ಕೆಟ್ಟು ಹೋಗಿತ್ತು ಅನ್ನೋ ಕಾರಣಕ್ಕೆ :)

ಬೆಂಗಳೂರಿನಿಂದ ನಾಗಪಟ್ಟಿಣ, ಅಲ್ಲಿಂದ ವೇದಾರಣ್ಯ, ಆಮೇಲೆ ಕೋಡಿಯಕ್ಕರೈ. ಒಂದು ಕಡೆ ಕುರುಚಲು ಕಾಡು, ಇನ್ನೊಂದು ಕಡೆ ಉಪ್ಪಿನ ಗದ್ದೆ. 1967ರಿಂದ ಅಭಯಾರಣ್ಯ. ಚಳಿಗಾಲ ಬಂತೆಂದರೆ ಉತ್ತರದಿಂದ ಬರುವ ಸಾವಿರಾರು ಹಕ್ಕಿಗಳು ಇಲ್ಲಿಯ ಕೆಸರಿನಲ್ಲಿ ಹುಳ ಹೆಕ್ಕುತ್ತಾ ಓಡಾಡಿಕೊಂಡಿರುತ್ತವೆ.

ನಾವು ಬೆಳಿಗ್ಗೆ ಆರಕ್ಕೆ ಹೋಗುವಷ್ಟರಲ್ಲಿ ರಾತ್ರಿ ಕಟ್ಟಿದ ಬಲೆಯಿಂದ ಹಕ್ಕಿಗಳನ್ನು ಬಿಡಿಸಿ ಬಟ್ಟೆ ಚೀಲಗಳಲ್ಲಿ ಹಾಕಿಟ್ಟಿದ್ದರು. ಬಲೆ ಅಂದ ಕೂಡಲೇ ನನಗೆ ನಮ್ಮ ಕೈರಂಪಣಿ ನೆನಪಾಗುತ್ತೆ. ಇದು ಅಂಥದ್ದಲ್ಲ, ಕೂದಲಿನಷ್ಟು ತೆಳ್ಳಗಿನ ಕಪ್ಪು ದಾರದ್ದು. ಹತ್ತಿರ ಹೋದರೂ ಕಾಣುವುದಿಲ್ಲ. ಬಂದು ಡಿಕ್ಕಿ ಹೊಡೆದ ಹಕ್ಕಿ ಅದರ ಮಡಿಕೆಯೊಳಗೆ ಮೆತ್ತಗೆ ಜಾರಿ ಕೂರುತ್ತದೆ.

ಉಂಗುರ ತೊಡಿಸುವವರು ಚೀಲದೊಳಗೆ ಕೈ ಹಾಕಿ ಒಂದು ಪುಟಾಣಿ ಹಕ್ಕಿಯನ್ನು ತೆಗೆದರು. ಲಿಟಲ್ ಸ್ಟಿಂಟ್ ಅಂತೆ. ಅದರ ಕತ್ತು ಅವರ ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ, ಬೆನ್ನು ಅಂಗೈಗೆ. ಹಾಗೆ ಹಿಡಿದರೆ ಹಕ್ಕಿ ಒದ್ದಾಡುವುದಿಲ್ಲ. ರೆಕ್ಕೆಗೆ ಸ್ಕೇಲು, ಕೊಕ್ಕಿಗೆ ವರ್ನಿಯರ್ ಕ್ಯಾಲಿಪರ್ಸ್! ಇಂಜಿನಿಯರಿಂಗ್ ಮೊದಲ ವರ್ಷದ ಲ್ಯಾಬ್ ಬಿಟ್ಟ ಮೇಲೆ ಅದನ್ನು ನೋಡಿದ್ದು ಅಲ್ಲೇ. ತೂಕ ಇಪ್ಪತ್ತೈದು ಗ್ರಾಂ ಹತ್ತಿರ. ಅಂದರೆ ಎರಡು ರೂಪಾಯಿಯ ನಾಲ್ಕೈದು ನಾಣ್ಯ ಅಷ್ಟೆ. ಅಷ್ಟು ಭಾರದ ಜೀವ ಸೈಬೀರಿಯಾದ ಹಿಮದ ಬಯಲಿಂದ ಇಲ್ಲಿಗೆ ಹಾರಿ ಬಂದಿತ್ತು.

ಅಲ್ಯೂಮಿನಿಯಂ ಉಂಗುರದಲ್ಲೊಂದು ನಂಬರು. ಪ್ರೈಮರಿ ಕೀ ಅಂದುಕೊಳ್ಳಿ. "ಈಗ ಜಿಪಿಎಸ್ ಇದೆಯಲ್ಲ ಸಾರ್, ಇದೆಲ್ಲ ಯಾಕೆ?" ಅಂತ ಗೆಳೆಯ ಕೇಳಿಯೇಬಿಟ್ಟ. ದೊಡ್ಡ ಹಕ್ಕಿಗಳಿಗೆ ಅದೂ ನಡೆಯುತ್ತೆ, 2013ರಲ್ಲಿ ನಾಗಾಲ್ಯಾಂಡಿನಲ್ಲಿ ಅಮುರ್ ಫಾಲ್ಕನ್‌ಗಳಿಗೆ ಉಪಗ್ರಹದ ಟ್ಯಾಗ್ ಕಟ್ಟಿದ್ದರು, ಆದರೆ ಇಷ್ಟು ಚಿಕ್ಕದರ ಬೆನ್ನಿಗೆ ಬ್ಯಾಟರಿ ಹೊರಿಸೋದು ಕಷ್ಟ, ಖರ್ಚೂ ಜಾಸ್ತಿ ಅಂದರು.

ಆಮೇಲೆ ಅವರು ಹೇಳಿದ್ದು ಕೇಳಿ ನಾನು ಕಿವಿ ನೆಟ್ಟಗೆ ಮಾಡಿದೆ. ನಮ್ಮ ದೇಶದಲ್ಲಿ ಈ ಕೆಲಸ ದೊಡ್ಡ ಮಟ್ಟದಲ್ಲಿ ಶುರುವಾಗಲು ನಮ್ಮ ಘಟ್ಟದ ಮೇಲಿನ ಮಂಗನ ಕಾಯಿಲೆಯೂ ಒಂದು ಕಾರಣವಂತೆ! 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಜನರೂ ಸತ್ತಾಗ ಸಿಕ್ಕಿದ ವೈರಸ್ಸು ರಷ್ಯಾದ ಒಂದು ವೈರಸ್ಸಿಗೆ ಹತ್ತಿರದ್ದಾಗಿತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಯ ಜೊತೆ ಬಂದಿರಬಹುದೇ ಅನ್ನೋ ಸಂಶಯ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಲೀಂ ಅಲಿಯವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೂಲಕ ಉಂಗುರ ತೊಡಿಸುವ ಯೋಜನೆ ಶುರು ಮಾಡಿದರು. ಹಕ್ಕಿಗಳೇ ತಂದದ್ದು ಅಂತ ಸಾಬೀತಾಗಲಿಲ್ಲ. ಆದರೆ ಅವು ಎಲ್ಲಿಂದೆಲ್ಲಿಗೆ ಹೋಗುತ್ತವೆ ಅನ್ನೋದು ಗೊತ್ತಾಗತೊಡಗಿತು.

ಕೊನೆಗೆ ಬೇರೆ ಬೇರೆ ಅಳತೆಯ ಉಂಗುರಗಳ ಸರವನ್ನು ನಮ್ಮ ಕೈಗೆ ಕೊಟ್ಟರು. ದೊಡ್ಡದೊಂದರ ಮೇಲೆ ಬರೆದಿದ್ದನ್ನು ಓದಿದೆ: "ಇನ್‌ಫಾರ್ಮ್ ಬಾಂಬೆ..."

ಅಲ್ಲೇ ನಿಂತುಬಿಟ್ಟೆ.

ನಾನಾಗ ಮೂರನೇ ಕ್ಲಾಸು. ಕೋಡಿಯಲ್ಲಿ ಒಂದು ಬೆಳಿಗ್ಗೆ ಬಲೆ ಎಳೆದಾಗ ಮೀನಿನ ಜೊತೆ ಒಂದು ದೊಡ್ಡ ಕಡಲ ಹಕ್ಕಿ ಸತ್ತು ಬಿದ್ದಿತ್ತು. ಕಾಲಲ್ಲಿ ಉಂಗುರ. "ಹಕ್ಕಿ ಕಾಲಿಗೂ ಬಳಿ ಹಾಕ್ತ್ರಾ ಮಗಾ?" ಅಂತ ಅಜ್ಜ ಕತ್ತಿಯ ತುದಿಯಿಂದ ಅದನ್ನು ಬಿಡಿಸಿ ನನಗೆ ಕೊಟ್ಟಿದ್ದರು. ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಬಾಂಬೆ ಅನ್ನೋದೊಂದನ್ನು ಓದಿ ಹೇಳಿದೆ. "ಬೊಂಬಾಯಿ ಹಕ್ಕಿಯಾ? ಹೋಟ್ಲಗೆ ಕೆಲ್ಸಕ್ಕಿತ್ತಾ ಕೇಣ್!" ಅಂತ ಅಜ್ಜ ನಕ್ಕಿದ್ದರು. ನಾನು ಆ ಉಂಗುರವನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು ಊರೆಲ್ಲ ತೋರಿಸಿಕೊಂಡು ಬಂದೆ. ಒಂದು ದಿನ ಹೊಳೆಯಲ್ಲಿ ಈಜುವಾಗ ಬಿದ್ದು ಹೋಯಿತು. ಅಲ್ಲಿಗೆ ಮುಗಿಯಿತು.

ಬಾಂಬೆ ಆ ಹಕ್ಕಿಯ ಊರಾಗಿರಲಿಲ್ಲ. ಅದು ಕಾಗದ ಹಾಕಬೇಕಾದ ವಿಳಾಸ. ಅದರ ಹಿಂದಿದ್ದ "ತಿಳಿಸಿ" ಅನ್ನೋ ಒಂದೇ ಶಬ್ದ ನಾನು ಓದಿರಲಿಲ್ಲ.

ಓದಿದ್ದರೆ ಅಜ್ಜ ಖಂಡಿತ ಕಾರ್ಡು ಹಾಕಿಸುತ್ತಿದ್ದರು. ಯಾಕೆಂದರೆ ಸುದ್ದಿಗಾಗಿ ಕಾಯೋದು ಅಂದರೇನು ಅಂತ ಅವರಿಗೆ ಗೊತ್ತಿತ್ತು. ಚಿಕ್ಕಪ್ಪ ಹದಿಮೂರನೇ ವಯಸ್ಸಿಗೆ ಮನೆಯಲ್ಲಿ ಹೇಳದೆ ಬೊಂಬಾಯಿ ಬಸ್ಸು ಹತ್ತಿದವರು. ನಮ್ಮ ಕಡೆ ಇದೇನು ಹೊಸ ಕಥೆಯಲ್ಲ, ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಎರಡು ವರ್ಷ ಕಾಗದವಿಲ್ಲ. ಅಜ್ಜ ದಿನಾ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ದಣಪೆಯ ಹತ್ತಿರ ಹೋಗಿ ನಿಲ್ಲುತ್ತಿದ್ದರಂತೆ. ಸಾವಿರಾರು ಹಕ್ಕಿಗೆ ಉಂಗುರ ಹಾಕಿದರೂ ಸುದ್ದಿ ಬರುವುದು ಬೆರಳೆಣಿಕೆಯಷ್ಟರದ್ದು ಅಂತ ಕೋಡಿಯಕ್ಕರೈಯಲ್ಲಿ ಹೇಳಿದಾಗ ನನ್ನ ಕಣ್ಣ ಮುಂದೆ ಬಂದಿದ್ದು ಆ ದಣಪೆ. ಅಂಥ ಬೆರಳೆಣಿಕೆಯ ಒಂದು ಸುದ್ದಿ ನನ್ನ ಉಡಿದಾರದಲ್ಲಿ ನೇತಾಡುತ್ತಿತ್ತು.

ಅಜ್ಜ ಈಗಿಲ್ಲ. ವಾಪಸ್ ಬರುವಾಗ ರೈಲಿನಿಂದ ಚಿಕ್ಕಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೌದ್ ಮಗಾ, ಒಂದ್ ಕಾಗ್ದ ಹಾಕ್ಕಿತ್ತ್" ಅಂದರು. ಯಾವುದರ ಬಗ್ಗೆ ಅಂದರು ಅಂತ ನಾನು ಕೇಳಲಿಲ್ಲ.

ಅಂದಹಾಗೆ ಆ ಲಿಟಲ್ ಸ್ಟಿಂಟನ್ನು ಬಿಡುವ ಅವಕಾಶ ನನಗೇ ಸಿಕ್ಕಿತ್ತು. ಅಂಗೈಯನ್ನು ನೆಲದ ಹತ್ತಿರ ತಂದು ಬಿಚ್ಚಬೇಕು. ಎರಡು ಸೆಕೆಂಡು ಹಾಗೇ ಕೂತಿತ್ತು. ಆಮೇಲೆ ಉಪ್ಪಿನ ಗದ್ದೆಯ ಮೇಲೆ ಹಾರಿ ಹೋಯಿತು.

ನಿಮ್ಮಲ್ಲಿ ನಮ್ಮೂರ ಕಡೆಯವರು ಯಾರಾದರೂ ಇದ್ದರೆ ಒಂದು ಮಾತು. ಬೈಂದೂರಿನ ಸೋಮೇಶ್ವರ, ಮರವಂತೆ, ಗಂಗೊಳ್ಳಿ, ಬ್ರಹ್ಮಾವರದ ಕಡೆಯ ಕೋಡಿಬೆಂಗ್ರೆ, ಎಲ್ಲೇ ಆಗಲಿ, ಉಂಗುರವಿರುವ ಹಕ್ಕಿ ಕಂಡರೆ ನಂಬರು, ತಾರೀಕು, ಜಾಗ ಬರೆದುಕೊಳ್ಳಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಬಾಂಬೆಗೆ ತಿಳಿಸಿ. ಅಲ್ಲಿ ಯಾರೋ ದಣಪೆಯ ಹತ್ತಿರ ನಿಂತಿರುತ್ತಾರೆ.