ಕೈಯಲ್ಲಿರಬೇಕಾದ ಹಾಡು

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾದ ಬೆಲೆ ಇಳಿದ ಮೇಲೆ, ಮೊಬೈಲ್ ಅಂಗಡಿಯಲ್ಲಿ ಫೋನಿನ ಮೆಮೊರಿ ಚಿಪ್‌ಗೆ ಹಾಡು ಹಾಕಿಸಿಕೊಂಡು ಬರುವ ರೂಢಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲೂ ಹಿಂದೆ ಸರಿಯಿತು. ಬೇಕಾದ ಚಿತ್ರಗೀತೆ ಬೇಕಾದ ಗಳಿಗೆಯಲ್ಲಿ ಸಿಗುತ್ತದೆ, ಹುಡುಕಿದರೆ ಅರವತ್ತು ವರ್ಷ ಹಿಂದಿನದೂ ಸಿಗುತ್ತದೆ. ಈ ಸೌಕರ್ಯವನ್ನು ಹಗುರವಾಗಿ ಕಾಣಲಾರೆ. ಆದರೂ ಫೈಲ್ ನಮ್ಮ ಕೈಯಲ್ಲಿಲ್ಲದ ಹಾಡು ನಮ್ಮದಲ್ಲ ಎಂಬುದು ನನ್ನ ನಂಬಿಕೆ. ಅದರ ನಷ್ಟ ಬೆಂಗಳೂರಿಗಿಂತ ಈ ನಾಲ್ಕು ತಾಲ್ಲೂಕುಗಳಿಗೇ ಹೆಚ್ಚು.

ಸ್ಟ್ರೀಮಿಂಗ್ ಸೇವೆಗಳ ಆಯುಸ್ಸು ಎಷ್ಟೆಂದು ನೋಡಿ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ರೆಸ್ಸೊ 2024ರ ಜನವರಿಯಲ್ಲಿ ಭಾರತದಿಂದ ಹೊರಟಿತು, ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಅನ್ನು ನಿಲ್ಲಿಸುವುದಾಗಿ ಸಾರಿತು. 2023ರಲ್ಲಿ ಜೀ ಮ್ಯೂಸಿಕ್ ಜೊತೆಗಿನ ಒಪ್ಪಂದ ಮುಗಿದಾಗ ಸ್ಪಾಟಿಫೈನಲ್ಲಿ ಆ ಕಂಪನಿಯ ಹಾಡುಗಳು ಒಮ್ಮೆಲೇ ಮಾಯವಾದವು. ತಿಂಗಳು ತಿಂಗಳು ಹಣ ಕಟ್ಟುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಇನ್ನೊಂದು ಕಡೆ ನಾಲ್ಕು ಜಿಬಿಯ ಚಿಪ್ ಇದೆ. 128 ಕೆಬಿಪಿಎಸ್‌ನ ಎಂಪಿ3 ನಿಮಿಷಕ್ಕೆ ಸುಮಾರು ಒಂದು ಎಂಬಿ ಹಿಡಿಯುತ್ತದೆ. ಅಂದರೆ ಉಗುರಿನಷ್ಟಗಲದ ಚಿಪ್‌ನಲ್ಲಿ ಅರವತ್ತು ಗಂಟೆಗೂ ಹೆಚ್ಚಿನ ಹಾಡು, ಸಿಗ್ನಲ್ ಬೇಡ, ರೀಚಾರ್ಜ್ ಬೇಡ.

ಚಿತ್ರಗೀತೆಗಳ ಮಟ್ಟಿಗೆ ಇದು ಅನುಕೂಲದ ಪ್ರಶ್ನೆ. ಈ ಸೀಮೆಯ ಸ್ವಂತ ಹಾಡಿನ ವಿಷಯಕ್ಕೆ ಬಂದರೆ ಉಳಿವಿನ ಪ್ರಶ್ನೆ. ಕಾಡುಗೊಲ್ಲರ ವೀರ ಜುಂಜಪ್ಪನ ನೆಲೆ ಶಿರಾ ತಾಲ್ಲೂಕಿನ ಕಳುವರಹಳ್ಳಿ. ಅವನ ಕಾವ್ಯವನ್ನು ಹಾಡುವವರು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲನ್ನು ಊದುತ್ತ ರಾತ್ರಿಗಟ್ಟಲೆ ಕಥೆಯನ್ನು ನಡೆಸುತ್ತಾರೆ. ಮೂವತ್ತು ಸೆಕೆಂಡು ಕೇಳಿದರೆ ಒಂದು ಎಣಿಕೆ ಎನ್ನುವ ವ್ಯವಸ್ಥೆಯಲ್ಲಿ ಆ ರಾತ್ರಿಗೆ ಜಾಗವೆಲ್ಲಿ? ಊರ ಹಬ್ಬಕ್ಕೆ ಆಡುವ ಕುರುಕ್ಷೇತ್ರ ನಾಟಕದ್ದೂ ಇದೇ ಪಾಡು. ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟ ಮಟ್ಟಿನಲ್ಲಿ ಊರ ಕೃಷ್ಣ, ಊರ ದುರ್ಯೋಧನ ಹಾಡಿದ ಕಂದಪದ್ಯ ಯಾರದೋ ಫೋನಿನಲ್ಲಿ ರೆಕಾರ್ಡ್ ಆಗಿರುತ್ತದೆ, ಅಷ್ಟೇ. ತತ್ವಪದ, ಭಜನೆ, ಮೂರು ಕಡೆ ಆಂಧ್ರ ಸುತ್ತಿಕೊಂಡ ಪಾವಗಡದಲ್ಲಿ ತೆಲುಗು ಕನ್ನಡ ಬೆರೆತು ಬರುವ ಹಾಡು, ಇವುಗಳಿಗೆ ಕಂಪನಿಯಿಲ್ಲ, ಲೇಬಲ್ಲಿಲ್ಲ. 2024ರಿಂದ ಸ್ಪಾಟಿಫೈ ವರ್ಷಕ್ಕೆ ಸಾವಿರ ಸಲ ಕೇಳದ ಹಾಡಿಗೆ ಹಣವನ್ನೇ ಕೊಡುವುದಿಲ್ಲ. ಒಂದು ಹಟ್ಟಿಯ ಹಾಡಿಗೆ ಈ ಲೆಕ್ಕ ಅನ್ಯಾಯವೆಂದೇ ನನ್ನ ತೀರ್ಮಾನ.

ಚಿಪ್‌ನಲ್ಲಿದ್ದ ಹಾಡು ಕದ್ದದ್ದಲ್ಲವೇ ಎನ್ನುವವರಿದ್ದಾರೆ. ಚಿತ್ರಗೀತೆಯ ಮಟ್ಟಿಗೆ ಬಹುಪಾಲು ಹೌದು, ಅದನ್ನು ಸಮರ್ಥಿಸುವುದಿಲ್ಲ. ಕೊಂಡ ಫೈಲ್ ಇಟ್ಟುಕೊಳ್ಳಲಿ. ಆದರೆ ತಮ್ಮ ಊರಿನ ಹಾಡನ್ನು ತಾವೇ ರೆಕಾರ್ಡ್ ಮಾಡಿಕೊಂಡದ್ದು ಆ ಸಾಲಿಗೆ ಸೇರುವುದಿಲ್ಲ, ಹಾಡಿದವರ ಒಪ್ಪಿಗೆಯೊಂದಿದ್ದರೆ ಸಾಕು. ಯೂಟ್ಯೂಬಿಗೆ ಹಾಕಿದರಾಯಿತಲ್ಲ ಎಂಬ ಮಾತೂ ಇದೆ. ಹಾಕಲಿ, ಕೇಳುವವರು ಹೆಚ್ಚುತ್ತಾರೆ. ಹಾಕಿದವರ ಖಾತೆ ಅಳಿದರೆ ವಿಡಿಯೋವೂ ಅಳಿಯುತ್ತದೆ ಎಂಬುದು ಮಾತ್ರ ನೆನಪಿರಲಿ. ನಿಜಕ್ಕೂ ತೂಕದ ಆಕ್ಷೇಪ ಬೇರೆಯೇ ಇದೆ: ಚಿಪ್ ಕೂಡ ಸಾಯುತ್ತದೆ. ಅದರೊಳಗೆ ಮಾಹಿತಿ ನಿಂತಿರುವುದು ವಿದ್ಯುದಾವೇಶದ ರೂಪದಲ್ಲಿ. ವರ್ಷಗಟ್ಟಲೆ ಬಳಸದೆ ಇಟ್ಟರೆ ಅದು ಸೋರಿ ಫೈಲ್ ಕೆಡಬಹುದು. ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಚಿಪ್‌ನಲ್ಲಿರುವುದನ್ನು ಸಾಯುವ ಮೊದಲು ನಕಲು ಮಾಡಬಹುದು. ಬಾಡಿಗೆಗೆ ಕೇಳಿದ್ದನ್ನು ಹಾಗೆ ಮಾಡಲಾಗದು.

ಹಳೆಯ ಕೀಪ್ಯಾಡ್ ಫೋನು ನಿಮ್ಮ ಮನೆಯಲ್ಲಿ ಬಿದ್ದಿದ್ದರೆ ಚಿಪ್ ತೆಗೆದು ನೋಡಿ. ಊರವರ ದನಿ ಅದರಲ್ಲಿದ್ದರೆ ಕಂಪ್ಯೂಟರಿಗೊಂದು, ಹಾರ್ಡ್‌ಡಿಸ್ಕಿಗೊಂದು ಪ್ರತಿ ಮಾಡಿ, ಹಾಡಿದವರ ಹೆಸರು, ಊರು, ವರ್ಷವನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ. ತಾಲ್ಲೂಕಿನ ಗ್ರಂಥಾಲಯಗಳು ಒಂದೊಂದು ಪ್ರತಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಲಿ.