ಮಾವನಿಗೆ ತಾಗದ ಬಿಸಿ

ಮೈಸೂರಿನಿಂದ ಹೊರಟು ಬಿಡದಿ ದಾಟಿದ ಮೇಲೆ ಸರ್ವಿಸ್ ರಸ್ತೆಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಮೊದಲು ಬಲತೊಡೆಯ ಒಳಭಾಗ ಬೆಚ್ಚಗಾಗುತ್ತದೆ. ಎರಡು ನಿಮಿಷಕ್ಕೆ ಬಿಸಿ. ಐದು ನಿಮಿಷಕ್ಕೆ, ಜೀನ್ಸ್ ಪ್ಯಾಂಟಿನ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತು ಹೋದ ಹಾಗೆ. ಮಂಡಿಯನ್ನು ಆದಷ್ಟೂ ಹೊರಗೆ ಚಾಚಿ ಕೂರುತ್ತೇನೆ. 300 ಕೆಜಿಯ ಗಾಡಿಯ ಮೇಲೆ ಒಬ್ಬ ಹುಡುಗಿ ಹೀಗೆ ಕಾಲು ಅಗಲಿಸಿ ಕೂತಿರುವುದು ಪಕ್ಕದ ಸ್ಕೂಟರಿನವರಿಗೆ ಠೀವಿಯಂತೆ ಕಾಣುತ್ತದೆ. ಒಬ್ಬರು ಹೆಬ್ಬೆರಳು ಎತ್ತಿ ಶಭಾಷ್ ಎಂದರು. ನಾನು ಬೇಯುತ್ತಿದ್ದೇನೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಗಾಡಿ ನನ್ನದಲ್ಲ, ಸೋದರಮಾವನದು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ವರ್ಷ ಅರ್ಧ ಸೈಟು ಮಾರಿ, ಸೆಕೆಂಡ್ ಹ್ಯಾಂಡಿನಲ್ಲಿ ಈ ದೊಡ್ಡ ಕ್ರೂಸರ್ ತಂದರು. ಎರಡು ಸಿಲಿಂಡರಿನ, ಗಾಳಿಯಿಂದಲೇ ತಣಿಯಬೇಕಾದ ಎಂಜಿನ್. ತಗ್ಗಿದ ಸೀಟು, ಮುಂದಕ್ಕೆ ಚಾಚಿದ ಕಾಲು, ಅಗಲವಾದ ಹ್ಯಾಂಡಲ್ಲು. ಕುವೆಂಪುನಗರದ ಅವರ ಬೀದಿಯಲ್ಲಿ ಅದನ್ನು ನೋಡಲು ಮಕ್ಕಳು ಸಾಲುಗಟ್ಟುತ್ತಿದ್ದರು. ಅತ್ತೆ ಮಾತ್ರ, 'ಹಂಡೆ ಒಲೆ ತೆಗೆಸಿ ಸೋಲಾರ್ ಹಾಕಿಸಿದ್ವಿ, ಈಗ ಇವರು ಒಲೆನೇ ಬಾಗಿಲಿಗೆ ತಂದು ನಿಲ್ಲಿಸಿದಾರೆ' ಎನ್ನುತ್ತಿದ್ದರು. ಅವರು ಅದನ್ನು ಬೈಗುಳವಾಗಿ ಹೇಳಿದ್ದು. ಆದರೆ ಆ ಎಂಜಿನ್ನಿಗೆ ಅದಕ್ಕಿಂತ ಸರಿಯಾದ ವಿವರಣೆ ನನಗೆ ಇದುವರೆಗೂ ಸಿಕ್ಕಿಲ್ಲ.

ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಗಾಡಿಯನ್ನು ಓಡಿಸುವ ಕೆಲಸಕ್ಕೆ ಬರುತ್ತದೆ. ಉಳಿದದ್ದೆಲ್ಲ ಶಾಖ. ಅದರಲ್ಲಿ ಒಂದಷ್ಟು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಒಂದಷ್ಟು ಎಂಜಿನ್ನಿನ ಮೈಯಿಂದ ಗಾಳಿಗೆ ಸೇರುತ್ತದೆ. ಸಣ್ಣ ಬೈಕಿನಲ್ಲೂ ಲೆಕ್ಕ ಇದೇ, ಉರಿಯುವ ಪೆಟ್ರೋಲ್ ಕಡಿಮೆಯಾದ್ದರಿಂದ ನಮಗೆ ಗೊತ್ತಾಗುವುದಿಲ್ಲ ಅಷ್ಟೆ. ದೊಡ್ಡ ಕ್ರೂಸರುಗಳಲ್ಲಿ ಇನ್ನೊಂದು ತೊಡಕಿದೆ. ಸಿಲಿಂಡರುಗಳೆರಡೂ ಎರಡು ಬೆರಳು ಅಗಲಿಸಿ ಹಿಡಿದಂತೆ, ಇಂಗ್ಲಿಷಿನ 'ವಿ' ಆಕಾರದಲ್ಲಿ, ಒಂದರ ಹಿಂದೆ ಒಂದು ನಿಂತಿರುತ್ತವೆ. ಹಾರ್ಲೆ-ಡೇವಿಡ್‌ಸನ್ ತನ್ನ ಮೊದಲ ವಿ-ಟ್ವಿನ್ ತಂದದ್ದು 1909ರಲ್ಲಿ. ಎರಡು ಸಿಲಿಂಡರುಗಳ ನಡುವಿನ 45 ಡಿಗ್ರಿ ಕೋನ ಇವತ್ತಿಗೂ ಅದರ ದೊಡ್ಡ ಗಾಡಿಗಳ ಗುರುತು. ನೋಡಲು ಚೆಂದ, ಕೇಳಲು ಇನ್ನೂ ಚೆಂದ. ಆದರೆ ಎದುರಿನಿಂದ ಬರುವ ಗಾಳಿಯನ್ನೆಲ್ಲ ಮುಂದಿನ ಸಿಲಿಂಡರ್ ಕುಡಿದುಬಿಡುತ್ತದೆ. ಹಿಂದಿನದು ಅದರ ಮರೆಯಲ್ಲಿ ನಿಂತು ಕುದಿಯುತ್ತದೆ. ಓಡಿಸುವವರ ತೊಡೆ ಇರುವುದು ಸರಿಯಾಗಿ ಆ ಹಿಂದಿನ ಸಿಲಿಂಡರಿನ ಪಕ್ಕದಲ್ಲಿ, ಅದರಿಂದ ಹೊರಡುವ ಹೊಗೆಕೊಳವೆ ಇಳಿಯುವುದು ಬಲಗಾಲಿನ ಪಕ್ಕದಲ್ಲಿ. ಇದು ಎಷ್ಟು ಹಳೆಯ ದೂರೆಂದರೆ, ಗಾಡಿ ನಿಂತಲ್ಲೇ ತೀರಾ ಕಾದರೆ ಹಿಂದಿನ ಸಿಲಿಂಡರಿಗೆ ಪೆಟ್ರೋಲ್ ಹೋಗುವುದನ್ನೇ ತಡೆಯುವ ವ್ಯವಸ್ಥೆಯನ್ನು ಹಾರ್ಲೆಯವರು ಕೆಲವು ಮಾದರಿಗಳಲ್ಲಿ ಇಟ್ಟಿದ್ದಾರೆ. ಆಗ ಎಂಜಿನ್ ಒಂದೇ ಕಾಲಿನಲ್ಲಿ ಕುಂಟಿದಂತೆ ಸದ್ದು ಮಾಡುತ್ತದೆ. ಮಾವನ ಗಾಡಿಯಲ್ಲಿ ಅಂಥ ಉಪಕಾರವೇನೂ ಇಲ್ಲ.

ಗಾಡಿ ಓಡುತ್ತಿದ್ದರೆ ಇದ್ಯಾವುದೂ ಸಮಸ್ಯೆಯಲ್ಲ. ಗಂಟೆಗೆ 70–80 ಕಿಲೋಮೀಟರಿನಲ್ಲಿ ಹೋಗುವಾಗ ಶಾಖವೆಲ್ಲ ಹಿಂದಕ್ಕೆ ಹಾರಿಹೋಗುತ್ತದೆ. ತೊಂದರೆ ನಿಂತಾಗ. ನಮ್ಮ ಪಾಲಿಗೆ ನಿಲ್ಲುವುದು ಹೆಚ್ಚಾಗಿದೆ: 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅಲ್ಲಿ ಆಗುತ್ತಿದ್ದ ಸಾವುಗಳನ್ನು ನೋಡಿದರೆ ಅದು ತಪ್ಪು ಎನ್ನಲಾರೆ. ಆದರೆ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಎತ್ತಿನಗಾಡಿ, ಶಾಲೆ ವ್ಯಾನು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಇಷ್ಟು ದೊಡ್ಡ ಎಂಜಿನ್ನಿಗೆ ತಣಿಯಲು ಗಾಳಿ ಸಿಗುವುದಿಲ್ಲ.

ಉಪಾಯಗಳನ್ನು ಮಾಡದೇ ಇಲ್ಲ. ಬೆಳಗಿನ ಐದಕ್ಕೇ ಹೊರಡುವುದು, ಸಿಗ್ನಲ್ಲಿನಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಉಳಿದಿದ್ದರೆ ಎಂಜಿನ್ ಆರಿಸುವುದು, ಇವು ಎಲ್ಲರಿಗೂ ಗೊತ್ತು. ಹೊಗೆಕೊಳವೆಗೆ ಶಾಖ ತಡೆಯುವ ಪಟ್ಟಿ ಸುತ್ತಿಸಿದೆ. ಕಾಲಿಗೆ ನಿಜಕ್ಕೂ ಹಿತವಾಯಿತು, ಆದರೆ ಒಂದು ಮಳೆಗಾಲ ಕಳೆದು ಬಿಚ್ಚಿದಾಗ ಅದು ನೀರು ಹಿಡಿದುಕೊಂಡು ಒಳಗೆ ಕೊಳವೆ ತುಕ್ಕು ಹಿಡಿದಿತ್ತು. ಒಳ್ಳೆಯ ಸಿಂಥೆಟಿಕ್ ಆಯಿಲ್ ಹಾಕಿಸಿದೆ. ಎಂಜಿನ್ನಿಗೆ ಒಳ್ಳೆಯದಾಗಿರಬಹುದು, ನನ್ನ ತೊಡೆಗೆ ಏನೂ ಗೊತ್ತಾಗಲಿಲ್ಲ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಬಟ್ಟೆ. ಸೆಕೆಯೆಂದು ತೆಳ್ಳನೆಯದು ಹಾಕಿಕೊಳ್ಳಬೇಕು ಅನಿಸುತ್ತದೆಯಲ್ಲ, ಅದು ತಪ್ಪು. ದಪ್ಪ ಹತ್ತಿ ಬಟ್ಟೆ ಮತ್ತು ಮೀನಖಂಡ ಮುಚ್ಚುವ ಚರ್ಮದ ಬೂಟು ಬೇಕು. ನೈಲಾನ್ ಲೆಗಿಂಗ್ಸ್ ಅಂತೂ ಬೇಡವೇ ಬೇಡ, ಬಿಸಿ ಕೊಳವೆಗೆ ತಾಗಿದರೆ ಕರಗಿ ಚರ್ಮಕ್ಕೇ ಅಂಟುತ್ತದೆ. ಇದೆಲ್ಲ ಕೇಳಿ ಮೆಕ್ಯಾನಿಕ್ ನಕ್ಕು, 'ಮೇಡಂ, ನಿಲ್ಲಿಸ್ಬೇಡಿ, ಅಷ್ಟೇ ಔಷಧಿ' ಎಂದರು.

ಕನ್ನಡ ಓದುವವಳಾದ್ದರಿಂದ ಟ್ರಾಫಿಕ್ಕಿನಲ್ಲಿ ಕೂತು ಪದಗಳನ್ನು ಎಣಿಸುವ ಚಟವೂ ಇದೆ. ಎಂಜಿನ್ನಿನಿಂದ ಮುಖಕ್ಕೆ ಹೊಡೆಯುವುದು ಝಳ. ಆರಿಸಿದ ಮೇಲೂ ಅದರಲ್ಲಿ ಉಳಿಯುವುದು ಕಾವು. ಹೆಲ್ಮೆಟ್ಟಿನ ಒಳಗಿರುವುದು ಸೆಕೆ, ಡಾಂಬರಿನಿಂದ ಏಳುವುದು ಧಗೆ. ಇವೆಲ್ಲ ಹೊರಗಿನವು. ಉರಿ ಮಾತ್ರ ಬೇರೆ. ಬೆಂಕಿಗೂ ಉರಿ ಎನ್ನುತ್ತೇವೆ, ಗಾಯಕ್ಕೆ ಉಪ್ಪು ತಾಗಿದಾಗ ಆಗುವುದಕ್ಕೂ ಉರಿ ಎನ್ನುತ್ತೇವೆ. ಅದು ಹೊರಗಿನದೂ ಹೌದು, ಪಡುವವರ ಒಳಗಿನದೂ ಹೌದು. ಈ ಎರಡು ಒಂದನ್ನೊಂದು ಬಿಟ್ಟು ಹೋಗಬಹುದು ಎಂದು ಆಗ ನನಗೆ ಹೊಳೆದಿರಲಿಲ್ಲ.

ಮಾವ ಬಿಸಿಯ ಬಗ್ಗೆ ಒಂದು ಮಾತನ್ನೂ ಆಡುತ್ತಿರಲಿಲ್ಲ. ನಾನು ಗೊಣಗಿದರೆ, 'ನನಗೇನೂ ಆಗಲ್ಲ ಕಣೇ. ನಿಮ್ಮ ಕಾಲದವರಿಗೆ ಎಲ್ಲಾ ಬಿಸಿ' ಎಂದು ನಗುತ್ತಿದ್ದರು. ಅವರ ಎದುರು ನಾನೂ ಗಟ್ಟಿಗಿತ್ತಿ ಅನಿಸಿಕೊಳ್ಳಬೇಕೆಂದು ಕ್ರಮೇಣ ಗೊಣಗುವುದನ್ನು ಬಿಟ್ಟೆ.

ಕಳೆದ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಂದು ಮದುವೆ. ಅತ್ತೆ ಬುದ್ಧಿವಂತರು, ರೈಲಿನಲ್ಲಿ ಹೋದರು. ನಾನು ಮಾವನ ಹಿಂದೆ ಕೂತೆ. ಕೆಂಗೇರಿಯಿಂದ ನಾಯಂಡಹಳ್ಳಿಯವರೆಗೆ ಗಾಡಿ ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಹೊಗೆಕೊಳವೆಯ ಮೇಲಿನ ತಗಡಿನ ಕವಚದ ಒಂದು ಕ್ಲಿಪ್ಪು ಮುರಿದು ಅದು ಸಡಿಲವಾಗಿ ಜೋತಾಡುತ್ತಿತ್ತು. ಸರಿಮಾಡಿಸಿ ಎಂದು ನಾನೇ ಎರಡು ಸಲ ಹೇಳಿದ್ದೆ. ಹಿಂದೆ ಕೂತ ನನಗೆ ಬಲಗಾಲನ್ನು ಹತ್ತಿರ ಇಡಲಾಗುತ್ತಿರಲಿಲ್ಲ. ಎತ್ತುತ್ತಿದ್ದೆ, ಇಳಿಸುತ್ತಿದ್ದೆ, ಮತ್ತೆ ಎತ್ತುತ್ತಿದ್ದೆ. 'ಕುಣೀಬೇಡ ಕಣೇ, ಬ್ಯಾಲೆನ್ಸ್ ತಪ್ಪುತ್ತೆ' ಎಂದರು ಮಾವ. ಅವರ ಕಾಲು ನನ್ನದಕ್ಕಿಂತ ಮುಂದೆ, ಕೊಳವೆ ಸಿಲಿಂಡರಿನಿಂದ ಆಗಷ್ಟೇ ಹೊರಬಂದು ಅತಿಹೆಚ್ಚು ಸುಡುವ ಜಾಗದಲ್ಲಿ, ಅಲುಗಾಡದೆ ಇತ್ತು. ನಾನು ಅದನ್ನು ನೋಡಿದೆ. ನೋಡಿ, ಎಂಥ ಗಟ್ಟಿ ಮನುಷ್ಯ ಅಂದುಕೊಂಡೆ.

ಮಾರನೆಯ ರಾತ್ರಿ ಮೈಸೂರಿನಲ್ಲಿ ಕಾಲುಚೀಲ ಒಗೆಯಲು ತೆಗೆದುಕೊಂಡ ಅತ್ತೆ ಅದು ಒದ್ದೆಯಾಗಿರುವುದನ್ನು ನೋಡಿದರು. ಬೆವರಲ್ಲ. ಪಾದದ ಗಂಟಿನಿಂದ ನಾಲ್ಕು ಬೆರಳು ಮೇಲೆ, ಬಲಗಾಲಿನ ಒಳಭಾಗದಲ್ಲಿ, ಅಂಗೈಯಗಲದ ಬೊಬ್ಬೆ ಎದ್ದು ಒಡೆದಿತ್ತು. ಮಾವ ಅದನ್ನು ನಮ್ಮ ಜೊತೆಗೇ ಮೊದಲ ಸಲ ನೋಡಿದರು. 'ಎಲ್ಲಾಯ್ತು ಇದು?' ಎಂದು ನಮ್ಮನ್ನೇ ಕೇಳಿದರು.

ಡಾಕ್ಟರು ಗಾಯ ನೋಡುವುದಕ್ಕೆ ಮೊದಲು ಮಾವನಿಗೆ ಕಣ್ಣು ಮುಚ್ಚಲು ಹೇಳಿದರು. ಕೈಯಲ್ಲಿ ಪೆನ್ನಿನಂಥ ಹಿಡಿ, ಅದರ ತುದಿಯಲ್ಲಿ ಒಂದು ನೈಲಾನ್ ಎಳೆ. 10 ಗ್ರಾಂ ಒತ್ತಡಕ್ಕೆ ಬಾಗುವ ಹಾಗೆ ಮಾಡಿರುತ್ತಾರೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅದನ್ನು ಹೆಬ್ಬೆರಳಿನ ಕೆಳಗೆ, ಪಾದದ ನಡುವೆ, ಹಿಮ್ಮಡಿಯ ಬಳಿ ಒಂದೊಂದೇ ಕಡೆ ಒತ್ತಿದರು. 'ಮುಟ್ಟಿದ್ದು ಗೊತ್ತಾದಾಗ ಹೇಳಿ' ಎಂದಿದ್ದರು. ಕಣ್ಣು ಮುಚ್ಚಿ ಕೂತ ಮಾವ ಸ್ವಲ್ಪ ಹೊತ್ತು ಕಾದು, 'ಶುರು ಮಾಡಿ ಡಾಕ್ಟ್ರೇ' ಎಂದರು.

'ಮುಗೀತು ಸಾರ್' ಎಂದರು ಡಾಕ್ಟರು.

ಸಕ್ಕರೆ ಕಾಯಿಲೆ ಮಾವನಿಗೆ ಹದಿನೈದು ವರ್ಷದಿಂದ ಇತ್ತು, ಮಾತ್ರೆಯೂ ಇತ್ತು, ಹಬ್ಬದ ದಿನ ಹೋಳಿಗೆಯೂ ಇತ್ತು. ನರಗಳಲ್ಲಿ ಅತಿ ಉದ್ದವಾದವು ಮೊದಲು ಕೆಡುತ್ತವಂತೆ, ಆದ್ದರಿಂದ ಶುರುವಾಗುವುದು ಪಾದದಿಂದ. ಉದ್ದನೆಯ ಕಾಲುಚೀಲವನ್ನು ನಿಧಾನಕ್ಕೆ ಎಳೆದುಕೊಂಡ ಹಾಗೆ ಮರಗಟ್ಟುವಿಕೆ ಮೇಲಕ್ಕೆ ಏರುತ್ತದೆ. 'ಬೈಕಿನ ಕೊಳವೆ ಕೆಂಪಗೆ ಕಾದಿರಬೇಕಾಗಿಲ್ಲ' ಎಂದರು ಡಾಕ್ಟರು. 60 ಡಿಗ್ರಿಯ ವಸ್ತು ಕೆಲವೇ ಸೆಕೆಂಡಿನಲ್ಲಿ ಚರ್ಮವನ್ನು ಸುಡುತ್ತದೆ. ಬರೀ 44 ಡಿಗ್ರಿಯದೂ ಗಂಟೆಗಟ್ಟಲೆ ಒತ್ತಿಕೊಂಡೇ ಇದ್ದರೆ ಸುಡುತ್ತದೆ. ನಮಗೆ ಹಾಗಾಗದಿರುವುದು ನಾವು ಕಾಲು ಎಳೆದುಕೊಳ್ಳುವುದರಿಂದ. ನಾನು ಗಾಡಿಯ ಹಿಂದೆ ಕೂತು ಮಾಡಿದ ಕುಣಿತವೇ ಅದು.

ಆಮೇಲೆ ಅವರು ಇನ್ನೊಂದು ಕೇಳಿದರು: 'ಮೊದಲು ಯಾವಾಗಲಾದರೂ ರಾತ್ರಿ ಹೊತ್ತು ಪಾದ ಉರೀತಿತ್ತಾ?' ಅತ್ತೆ ತಕ್ಷಣ ಹೌದೆಂದರು. ನಾಲ್ಕು ವರ್ಷದ ಹಿಂದೆ ಒಂದು ವರ್ಷ ಪೂರ್ತಿ ಮಾವ ಕಾಲುರಿಯೆಂದು ಹೊದಿಕೆಯಿಂದ ಪಾದ ಹೊರಗಿಟ್ಟೇ ಮಲಗುತ್ತಿದ್ದರು. ಅತ್ತೆ ರಾತ್ರಿ ಹರಳೆಣ್ಣೆ ತಿಕ್ಕುತ್ತಿದ್ದರು. ದೇಹದ ಉಷ್ಣವೆಂದು ಎಳನೀರು ಕುಡಿಸಿದರು, ಕಾಮಕಸ್ತೂರಿ ನೆನೆಸಿ ಕೊಟ್ಟರು. ಆಮೇಲೆ ಉರಿ ತಾನಾಗಿ ಕಡಿಮೆಯಾಯಿತು. ಹರಳೆಣ್ಣೆಯ ಗುಣ ಎಂದು ಅತ್ತೆ ನಮ್ಮ ಅಮ್ಮನಿಗೂ ಹೇಳಿದ್ದರು. ಡಾಕ್ಟರು ತಲೆಯಾಡಿಸಿದರು, ಏನೂ ಹೇಳಲಿಲ್ಲ. ಅದು ವಾಸಿಯಾದದ್ದಲ್ಲ, ಹೇಳುವ ನರವೇ ಸುಮ್ಮನಾದದ್ದು ಎಂದು ಅತ್ತೆಗೆ ಅಲ್ಲೇ ಅರ್ಥವಾಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು.

ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ದಿನ ಬಿಟ್ಟು ದಿನ ಡ್ರೆಸ್ಸಿಂಗು, ಎರಡು ಸಲ ಕೀವು, ಒಂದು ಸಲ ಬೆರಳು ಉಳಿಯುತ್ತದೋ ಇಲ್ಲವೋ ಎಂಬ ಮಾತು. ಬೆರಳು ಉಳಿಯಿತು. ಆ ದಿನಗಳಲ್ಲಿ ಒಂದು ಸಂಜೆ ಮಾವ ನನ್ನೊಬ್ಬಳಿಗೇ ಹೇಳಿದರು: 'ತೊಡೆಗೆ ತಾಗ್ತಿತ್ತು ಕಣೇ. ನಿನಗಾದಷ್ಟೇ ಆಗ್ತಿತ್ತು. ಹೇಳ್ಕೊಳ್ಳೋಕೆ ನಾಚಿಕೆ, ಅರ್ಧ ಸೈಟು ಮಾರಿದೀನಲ್ಲ. ಕಾಲಿಗೆ ಮಾತ್ರ ಸತ್ಯವಾಗಿ ಏನೂ ಆಗ್ಲಿಲ್ಲ.' ಇಷ್ಟು ವರ್ಷ ಅವರು ಹೇಳಿಕೊಂಡು ಬಂದ ಸುಳ್ಳು ಮಂಡಿಯಿಂದ ಕೆಳಗೆ ಯಾವತ್ತೋ ನಿಜವಾಗಿಬಿಟ್ಟಿತ್ತು. ನಾನು ಅದನ್ನು ಗಟ್ಟಿತನವೆಂದು ನಂಬಿ, ನನ್ನ ಗೊಣಗಾಟವನ್ನೂ ನುಂಗಿಕೊಂಡಿದ್ದೆ. ಗೊಣಗಿಕೊಂಡೇ ಇದ್ದಿದ್ದರೆ, ಅವತ್ತು ಕೆಂಗೇರಿಯಲ್ಲಿ 'ಮಾವ, ನಿಲ್ಲಿಸಿ, ನಿಮ್ಮ ಕಾಲು ತೋರಿಸಿ' ಎಂದಿದ್ದರೆ ಎಂದು ಈಗಲೂ ಅನಿಸುತ್ತದೆ.

ಗಾಡಿ ಮಾರುವುದೆಂದು ಅತ್ತೆ ತೀರ್ಮಾನಿಸಿದ್ದರು. ಕೊಳ್ಳಲು ಬಂದವರು ಕೇಳಿದ ಬೆಲೆ ನೋಡಿ ಅವರೇ ಹಿಂದೆ ಸರಿದರು. ಹಾಗೇ ನಿಲ್ಲಿಸಿದರೆ ಬ್ಯಾಟರಿ ಹೋಗುತ್ತದೆಂದು ವಾರಕ್ಕೊಮ್ಮೆ ಹಾಸ್ಟೆಲಿನಿಂದ ಹೋಗಿ ನಾನು ಓಡಿಸುತ್ತೇನೆ, ಕೆಲವೊಮ್ಮೆ ಬೆಂಗಳೂರಿನ ಗ್ರಂಥಾಲಯಗಳಿಗೂ ಒಯ್ಯುತ್ತೇನೆ. ಕವಚದ ಕ್ಲಿಪ್ಪು ಹೊಸದು ಹಾಕಿಸಿದ್ದೇನೆ.

ಹಿಂತಿರುಗಿ ಬಂದು ಗೇಟಿನೊಳಗೆ ನಿಲ್ಲಿಸಿದರೆ ಎಂಜಿನ್ ಆರುತ್ತಾ ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ. ಆ ಸದ್ದಿಗೆ ಮಾವ ಹೊರಗೆ ಬರುತ್ತಾರೆ. ಮನೆಯೊಳಗೂ ಚಪ್ಪಲಿ ಕಳಚಬಾರದೆಂದು ಡಾಕ್ಟರ ಅಪ್ಪಣೆ, ಅದಕ್ಕೇ ಅತ್ತೆ ಒಳಗಿನದಕ್ಕೊಂದು ಹೊರಗಿನದಕ್ಕೊಂದು ಜೊತೆ ತೆಗೆದಿಟ್ಟಿದ್ದಾರೆ. ಬಾಗಿಲಲ್ಲಿ ಜೊತೆ ಬದಲಿಸಿಕೊಂಡು, ಗೋಡೆ ಹಿಡಿದು ಹತ್ತಿರ ಬಂದು, ಎಂಜಿನ್ನಿಗೆ ಒಂದು ಗೇಣು ದೂರದಲ್ಲಿ ಅಂಗೈ ಚಾಚಿ ನಿಲ್ಲುತ್ತಾರೆ. ಕೈಬೆರಳಿಗೆ ಇನ್ನೂ ಎಲ್ಲ ಗೊತ್ತಾಗುತ್ತದೆ.

'ಹಿಂದಿನದು ಇನ್ನೂ ಆರಿಲ್ಲ' ಎನ್ನುತ್ತಾರೆ. 'ಎಲ್ಲಿ ಸಿಕ್ಕಿಹಾಕ್ಕೊಂಡಿದ್ದೆ?'

'ಮದ್ದೂರಲ್ಲಿ' ಎನ್ನುತ್ತೇನೆ.

'ತುಂಬಾ ಬಿಸಿ ಆಯ್ತಾ?'

'ತುಂಬಾ ಮಾವ.'

'ಕಾಲು ತೋರಿಸು' ಎನ್ನುತ್ತಾರೆ.