ನಾವು ಕೇಳದೆ ಹೋದ ಮಾತು

ಅಧ್ಯಾಪಕನಾದವನು ತಾನು ಕಲಿಸಿದ ಪಾಠಗಳನ್ನು ಮರೆತರೂ ಮರೆತಾನು. ತಾನು ಕಲಿಯದೆ ಬಿಟ್ಟ ಪಾಠವು ಅವನನ್ನು ಬಿಡಲಾರದು. ಅಂತಹುದೊಂದನ್ನು ವಾಚಕರ ಮುಂದೆ ಇಡಬೇಕೆಂದು ಇದನ್ನು ಬರೆಯುತ್ತಿರುವೆವು.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಕೊಡೇಕಲ್ಲಿನ ಸೀಮೆಯ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದೆವು. ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು; ಶ್ಲೋಕವನ್ನು ಎರಡು ಸಲ ಕೇಳಿದರೆ ತಪ್ಪದೆ ಒಪ್ಪಿಸುವಳು. ಒಂದು ದಿನ ಅವಳ ತೋಳಿನ ಮೇಲೆ ಬಾಸುಂಡೆಗಳನ್ನು ಕಂಡು, ತರಗತಿಯವರೆಲ್ಲರ ಎದುರಿಗೇ, ಏನಾಯಿತೆಂದು ಕೇಳಿದೆವು. ಬಾವಿಯ ಮೆಟ್ಟಿಲಲ್ಲಿ ಜಾರಿದೆನೆಂದಳು. ಕೆಲವು ದಿನಗಳ ಮೇಲೆ, ಸಂಜೆಯ ಗಂಟೆಯಾಗಿ ಎಲ್ಲರೂ ಹೊರಟುಹೋದರೂ ಅವಳು ಮಾತ್ರ ಕಂಬದ ಮರೆಯಲ್ಲಿ ನಿಂತಿದ್ದು, ಮನೆಯ ಹಿರಿಯನೊಬ್ಬನಿಂದ ತನಗಾಗುತ್ತಿದ್ದ ಪೀಡೆಯನ್ನು ಅರ್ಧ ಮಾತಿನಲ್ಲಿಯೂ ಅರ್ಧ ಅಳುವಿನಲ್ಲಿಯೂ ತಿಳಿಸಿದಳು. ನಾವು ಮಾಡಿದ್ದೇನು? ಸಹನೆಯನ್ನು ಕೊಂಡಾಡುವ ಸುಭಾಷಿತವೊಂದನ್ನು ಹೇಳಿ, ಮನೆಯ ಮಾತು ಮನೆಯೊಳಗೇ ಇರಲೆಂದು ಬುದ್ಧಿವಾದ ಮಾಡಿದೆವು. ಅಷ್ಟು ಸಾಲದೆಂಬಂತೆ ಆ ಮನೆಗೇ ಹೇಳಿಕಳುಹಿಸಿದೆವು. ಮರುವಾರದಿಂದ ಅವಳು ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆಯೆಳೆದವರೂ ನಾವೇ.

ನಿವೃತ್ತರಾದ ಮೇಲೆ ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಓದಿದೆವು. ಅವರ ಸಂಸ್ಕೃತ ಪಾಂಡಿತ್ಯವೇ ನಮ್ಮನ್ನು ಸೆಳೆದುದು. ಅವರು 1858ರಲ್ಲಿ ನಮ್ಮ ಕನ್ನಡ ನಾಡಿನ ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಹೆಂಡತಿಗೆ ಸಂಸ್ಕೃತವನ್ನು ಕಲಿಸಿದರೆಂಬ ಕಾರಣದಿಂದ ಸಂಪ್ರದಾಯಸ್ಥರ ನಿಂದೆಗೆ ಗುರಿಯಾದವರು. ಕ್ಷಾಮದಲ್ಲಿ ತಾಯಿತಂದೆಗಳನ್ನು ಕಳೆದುಕೊಂಡ ರಮಾಬಾಯಿಯವರು ಅಣ್ಣನೊಡನೆ ಪುರಾಣವನ್ನು ಹೇಳುತ್ತ ದೇಶವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿದರು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಅವರಿಗೆ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನು ಕೊಟ್ಟರು. 1882ರಲ್ಲಿ ಪತಿಯು ಮೃತನಾಗಲು, ಎಳೆಯ ಮಗಳೊಡನೆ ವಿಧವೆಯಾಗಿ ಉಳಿದರು.

1883ರಲ್ಲಿ ಅವರು ಇಂಗ್ಲೆಂಡಿಗೆ ತೆರಳಿ, ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿದ್ದು, ಅದೇ ವರ್ಷ ಆ ಮತವನ್ನು ಸ್ವೀಕರಿಸಿದರು. ಆ ಸನ್ಯಾಸಿನಿಯರು ಲಂಡನ್ನಿನ ಫುಲ್‌ಹ್ಯಾಮ್ ಎಂಬಲ್ಲಿ ಒಂದು ರಕ್ಷಣಾಗೃಹವನ್ನು ನಡೆಯಿಸುತ್ತಿದ್ದರು. ಲೋಕವು ‘ಕೆಟ್ಟವರು’ ಎಂದು ಹೊರದೂಡಿದ ಹೆಂಗಸರು ಅಲ್ಲಿ ಅಕ್ಕತಂಗಿಯರಂತೆ ಆದರಿಸಲ್ಪಡುವುದನ್ನೂ, ಹಾಗೆ ಚೇತರಿಸಿಕೊಂಡವರೇ ಮತ್ತೆ ಇತರರ ಶುಶ್ರೂಷೆಗೆ ನಿಂತಿರುವುದನ್ನೂ ರಮಾಬಾಯಿಯವರು ಕಂಡರು. ಇದಕ್ಕೆ ಪ್ರೇರಣೆಯೇನೆಂದು ಕೇಳಲು, ಸನ್ಯಾಸಿನಿಯೊಬ್ಬರು ಸಮಾರ್ಯದ ಹೆಂಗಸಿನ ಕಥೆಯನ್ನು ತೆಗೆದು ತೋರಿಸಿದರು. ನಡುಹಗಲಿನಲ್ಲಿ ಒಬ್ಬಳೇ ಬಾವಿಗೆ ಬಂದ ಹೆಂಗಸು. ಐವರು ಗಂಡಂದಿರನ್ನು ಕಂಡವಳು. ಯೆಹೂದ್ಯರು ಬಳಕೆಯಿಟ್ಟುಕೊಳ್ಳದ ಕುಲದವಳು. ಏಸುವು ಅವಳನ್ನು ಮೊದಲು ಕೇಳಿದ್ದು ಅವಳ ಪೂರ್ವವೃತ್ತಾಂತವನ್ನಲ್ಲ, ಕುಡಿಯಲು ನೀರನ್ನು. ನಮ್ಮ ಕಡೆಯ ಬಾವಿಗಳ ಕಟ್ಟುಕಟ್ಟಳೆಗಳನ್ನು ಬಲ್ಲವರಿಗೆ ಅವಳ ಕೈಯ ನೀರನ್ನು ಬೇಡುವುದರ ಅರ್ಥವನ್ನು ವಿವರಿಸಬೇಕಾದುದಿಲ್ಲ.

ಈ ದೃಶ್ಯವು ರಮಾಬಾಯಿಯವರ ಮುಂದಿನ ಬಾಳಿಗೆ ದಾರಿಯಾಯಿತು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಗಳಿಗೆ ತಾವೇ ಹೋಗಿ, ದುರುಳರ ಕೈಸೇರಲಿದ್ದ ಅನಾಥ ಬಾಲಿಕೆಯರನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವದ ‘ಮುಕ್ತಿ’ಯಲ್ಲಿ ಇರಿಸಿದರು. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಮೇಲ್ಪಟ್ಟು ಹೆಂಗಸರಿದ್ದರು. ದೌರ್ಜನ್ಯಕ್ಕೆ ಸಿಕ್ಕಿ ಸಮಾಜವು ತ್ಯಜಿಸಿದವರಿಗೆ ‘ಕೃಪಾ ಸದನ’ವೆಂಬ ಬೇರೆ ಮನೆಯಿದ್ದಿತು. ಅನ್ನವಸ್ತ್ರಗಳಿಗೇ ನಿಲ್ಲದೆ ಅಕ್ಷರ, ನೇಯ್ಗೆ, ಹೊಲಿಗೆ, ಮುದ್ರಣ ಇವನ್ನೂ ಕಲಿಸುತ್ತಿದ್ದರು. ರಮಾಬಾಯಿಯವರು ಮರಾಠಿಗೆ ಅನುವಾದಿಸಿದ ಬೈಬಲ್ಲಿಗೆ ಮೊಳೆ ಜೋಡಿಸಿದವರೂ ಆ ಹೆಂಗಸರೇ. 1922ರಲ್ಲಿ ರಮಾಬಾಯಿಯವರು ತೀರಿಕೊಂಡರೂ ಆ ಸಂಸ್ಥೆಯು ಇಂದಿಗೂ ನಡೆಯುತ್ತಿರುವುದು.

ನಮ್ಮನ್ನು ಬೆಚ್ಚಿಬೀಳಿಸಿದ ಸಂಗತಿಯು ಇನ್ನೊಂದುಂಟು. 1912-13ರಲ್ಲಿ ರಮಾಬಾಯಿಯವರು ಮಗಳು ಮನೋರಮಾಬಾಯಿಯವರ ನೆರವಿನಿಂದ ಕಲಬುರ್ಗಿಯಲ್ಲಿ ಒಂದು ಶಾಲೆಯನ್ನು ಸ್ಥಾಪಿಸಿದ್ದರು. 2010ರಲ್ಲಿ ಯಾದಗಿರಿಯು ಬೇರೆ ಜಿಲ್ಲೆಯಾಗುವವರೆಗೆ ನಮ್ಮ ಕೊಡೇಕಲ್ಲು ಸೇರಿದ್ದುದು ಆ ಕಲಬುರ್ಗಿ ಜಿಲ್ಲೆಗೇ. ಸಹಾಯದ ಮಾದರಿಯು ನಮ್ಮ ಜಿಲ್ಲೆಯ ಮುಖ್ಯಸ್ಥಾನದವರೆಗೂ ಬಂದಿದ್ದಿತು. ನಮ್ಮ ಕಿವಿಯವರೆಗೆ ಬಂದಿರಲಿಲ್ಲ.

ಇದು ಮತಾಂತರದ ಉಪಾಯವಲ್ಲವೆ ಎಂದು ವಾಚಕರು ಕೇಳಬಹುದು. ಆ ಪ್ರಶ್ನೆಯು ಅಂದೂ ಎದ್ದಿತು. 1893ರಲ್ಲಿ ಸದನದ ಬಾಲಿಕೆಯರು ಕ್ರೈಸ್ತಮತದ ಕಡೆಗೆ ಒಲಿಯುತ್ತಿರುವರೆಂದು ಗದ್ದಲವಾಗಿ, ರಾನಡೆ, ಭಾಂಡಾರಕರ ಮೊದಲಾದ ಮಹನೀಯರು ಸಲಹಾಸಮಿತಿಯನ್ನು ಬಿಟ್ಟರು. ಅನೇಕರು ತಮ್ಮ ಹೆಣ್ಣುಮಕ್ಕಳನ್ನು ಹಿಂದಕ್ಕೆ ಕರೆದೊಯ್ದರು. ಆಶ್ರಯಕ್ಕೆ ಮತವು ಬೆಲೆಯಾಗಬಾರದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಆಶ್ರಯವೆಂಬ ಹೆಸರಿನ ಮನೆಗಳಲ್ಲಿಯೇ ಪೀಡನೆ ನಡೆದುದು ಎಲ್ಲ ಮತಗಳಲ್ಲಿಯೂ ಕಂಡಿರುವುದರಿಂದ, ಅಂತಹ ಮನೆಗಳ ಮೇಲೆ ಕಾನೂನಿನ ಕಣ್ಣಿರುವುದೂ ಅವಶ್ಯಕ. ಆದರೆ ಈ ಆಕ್ಷೇಪವನ್ನೆತ್ತುವ ಮೊದಲು ನಾವು ಉತ್ತರ ಹೇಳಬೇಕಾದ ಪ್ರಶ್ನೆಯೊಂದಿದೆ: ಆ ಹುಡುಗಿಯು ಬಂದು ಬಡಿದ ಮೊದಲ ಬಾಗಿಲು ನಮ್ಮದಾಗಿರಲಿಲ್ಲವೆ? ಹಿಂದೂಗಳೂ ಮುಸಲ್ಮಾನರೂ ಒಂದಾಗಿ ಭಕ್ತಿಯಿಂದ ನಡೆದುಕೊಳ್ಳುವ ಕೊಡೇಕಲ್ಲ ಬಸವಣ್ಣನವರ ಊರಿನಲ್ಲಿ ಬಾಳಿದವರು, ಕರುಣೆಯ ಜಾತಿಯನ್ನು ವಿಚಾರಿಸುತ್ತ ಕೂಡುವುದು ಉಚಿತವೆ?

ಸಂಸ್ಕೃತವನ್ನು ಅವರೂ ಕಲಿತರು, ನಾವೂ ಕಲಿತೆವು. ಅವರು ಬಾಗಿಲು ತೆರೆದರು. ನಾವು ಸುಭಾಷಿತ ಹೇಳಿದೆವು.

ಆದಕಾರಣ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ. ಮಗುವೊಂದು ಇಂತಹ ಮಾತನ್ನು ಆಡಿದಲ್ಲಿ ಮೊದಲು ನಂಬಿರಿ. ನಾಲ್ವರ ಮುಂದೆ ಕೇಳಬೇಡಿರಿ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸಬೇಡಿರಿ. ಪೀಡಿಸಿದವನಿರುವ ಮನೆಗೆ ಸುದ್ದಿಯನ್ನು ಮುಟ್ಟಿಸಬೇಡಿರಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ತಡೆಗೆ 2012ರಲ್ಲಿ ಆದ ಪೋಕ್ಸೋ ಕಾಯಿದೆಯಂತೆ, ಅಂತಹ ಸಂಗತಿಯನ್ನು ತಿಳಿದವನು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳಿಗಾಗಿ 1098, ಹೆಂಗಸರಿಗಾಗಿ 181 ಎಂಬ ದೂರವಾಣಿ ಸಂಖ್ಯೆಗಳುಂಟು. ಗಂಡನ ಮನೆಯಲ್ಲಾಗಲಿ ತವರಿನಲ್ಲಾಗಲಿ ಹಿಂಸೆಗೊಳಗಾದ ಹೆಂಗಸಿಗೆ 2005ರ ಕಾಯಿದೆಯ ರಕ್ಷಣೆಯುಂಟು. ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲವೆಂದು ನಾವು ನೆಪ ಹೇಳಲಾರೆವು. ಕುಳಿತು ಕೇಳುವುದಕ್ಕೆ ಯಾವ ಕಾಯಿದೆಯೂ ಬೇಕಾಗಿರಲಿಲ್ಲ.

ಆ ಹುಡುಗಿಗೆ ಈಗ ನಾಲ್ವತ್ತು ದಾಟಿರಬೇಕು. ಎಲ್ಲಿಯೋ ಗೃಹಿಣಿಯಾಗಿದ್ದು ಈ ಪುಟವನ್ನು ಓದುವಂತಾದರೆ, ತಾಯೀ, ನಿನಗೆ ಒಂದೇ ಮಾತು: ಅಂದು ನೀನು ಹೇಳಿದ್ದು ಸರಿ. ತಪ್ಪು ನಿನ್ನದಲ್ಲ. ಕೇಳಬೇಕಾಗಿದ್ದವರು ನಾವು, ಕೇಳಲಿಲ್ಲ.